ಮೀನು ಸಿಗದ ಚಳಿಗಾಲ

ಹಿನ್ನೀರಿನ ದಡ, ಮಿಸೌರಿ
ಫೆಬ್ರವರಿ 9, ಬೆಳಿಗ್ಗೆ

ಸಿಟ್ಟು ಬಂದಾಗಲೇ ಚೆಂದ ಕಾಣುವ ಓಲೀಟಾ ಅಕ್ಕನಿಗೆ, ನಿನ್ನ ಹಲ್ಲುಗಿಂಜುವ ತಮ್ಮ ಡೋಯ್ಲ್‌ನ ಪ್ರೀತಿ.

ನಿನ್ನ ಕಾಗದ ಬಂತು. ಓದಿದ ಮೇಲೆ ಒಲೆಗೆ ಸೌದೆ ಹಾಕಬೇಕಾಗಲಿಲ್ಲ, ಮನೆಯೆಲ್ಲ ಕಾವೇರಿತ್ತು. "ನನ್ನ ಗಂಡ ಆ ನೀರಿನ ತಳದಲ್ಲಿ ಬಿದ್ದಿದ್ದಾನೆ, ನೀನು ಅದೇ ನೀರಲ್ಲಿ ಬಾಸ್ ಮೀನು ಹಿಡೀತಿದೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಬರೆದಿದ್ದೀಯ. ನಾಚಿಕೆ ನನಗೆ ಹುಟ್ಟಿದಾಗಿನಿಂದ ಇಲ್ಲ, ಅದು ನಿನಗೇ ಗೊತ್ತು. ಮೀನಂತೂ ಒಂದೂ ಸಿಕ್ಕಿಲ್ಲ. ಗಾಳದ ಸಾಮಾನು ಮಾರುವ ಜುನೆಟ್ ಮೊನ್ನೆ ಅಂಗಡಿಯಲ್ಲಿ ಎಲ್ಲರೆದುರು, "ಏನ್ ಡೋಯ್ಲ್, ಇಡೀ ಚಳಿಗಾಲ ಬರಿಗೈಲೇ ಬರ್ತೀಯಲ್ಲ, ಮೀನುಗಳಿಗೆ ಜೋಕ್ ಹೇಳಕ್ಕೆ ಹೋಗ್ತೀಯಾ?" ಎಂದಳು. "ಹೂಂ ಕಣೆ, ಒಂದೂ ನಗ್ತಿಲ್ಲ" ಎಂದೆ.

ಲಾಯ್ಡ್ ಭಾವ ಇದ್ದಿದ್ದರೆ ಬಯ್ಯುತ್ತಿದ್ದ. ಜಿಗ್ ಗಾಳ ಆಡಿಸುವುದನ್ನು ಕಲಿಸಿದವನೇ ಅವನಲ್ಲವೇ? ಸೀಸದ ತಲೆ, ರಬ್ಬರ್ ಕುಚ್ಚು, ಅದರೊಳಗೊಂದು ಕೊಕ್ಕೆ, ಅಷ್ಟೇ. ತಳಕ್ಕೆ ಬಿಟ್ಟು, ಸೀಗಡಿ ತೆವಳಿದ ಹಾಗೆ ಎಳೆಯಬೇಕು. ದಾರ ತೋರುಬೆರಳ ಮೇಲೆ. "ಚಳೀಲಿ ಬಾಸ್ ಜಗ್ಗಲ್ಲ ಕಣೋ ಪೆದ್ದ, ಸುಮ್ನೆ ಭಾರ ಆಗುತ್ತೆ. ಕಲ್ಲಾ, ಕೆಸರಾ, ಮುಳುಗಿದ ಮರಾನಾ, ಬೆರಳೇ ಹೇಳ್ಬೇಕು. ಅನುಮಾನ ಬಂತೋ, ಎಳಿ!" ಎನ್ನುತ್ತಿದ್ದ. ಅಷ್ಟೆಲ್ಲ ಬಲ್ಲವನು, ದಪ್ಪ ಕೋಟಿನ ಮೇಲೆ ಹಿಡಿಸಲ್ಲ ಅಂತ ಲೈಫ್ ಜಾಕೆಟ್ಟನ್ನು ಕುಂಡಿಯಡಿ ಹಾಕಿಕೊಂಡು ಕೂರುತ್ತಿದ್ದ. ಇಲ್ಲಿ ಎಲ್ಲರೂ ಹಾಗೇ. ಡಿಸೆಂಬರಿನಲ್ಲಿ ದೋಣಿಯೊಂದೇ ದಡಕ್ಕೆ ಬಂತು, ಮೆತ್ತೆಯಾದ ಜಾಕೆಟ್ಟೂ ಅದರಲ್ಲೇ.

ನೀನು ಟುಲ್ಸಾದಲ್ಲಿ ಮಗಳ ಮನೆ ಸೇರಿದ್ದು ಒಳ್ಳೆಯದಾಯಿತು. ಷೆರಿಫ್ ಕಡೆಯವರು ಹಗ್ಗಕ್ಕೆ ಕಬ್ಬಿಣದ ಕೊಕ್ಕೆಗಳನ್ನು ಕಟ್ಟಿ ತಳ ಜಾಲಾಡಲು ಹೊರಟಾಗ ನೀನು ದಡದಲ್ಲಿ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅವನೇನು ಮರದ ದಿಮ್ಮೀನಾ? ಮೈ ಹರೀಬೇಡಿ!" ಅವರು ನಿಲ್ಲಿಸಿದರು. ತಣ್ಣೀರು ಹೆಣವನ್ನು ಮೇಲಕ್ಕೆ ಬಿಡುವುದಿಲ್ಲ, ಬೇಸಿಗೆಗೆ ನೋಡೋಣ ಎಂದು ಹೋದರು. ಅವನನ್ನು ಮಣ್ಣು ಮಾಡದೆ ನಿನಗೆ ನಿದ್ದೆಯಿಲ್ಲ, ಗೊತ್ತು. ಪಾದ್ರಿ ಖಾಲಿ ಪೆಟ್ಟಿಗೆಗೇ ಪ್ರಾರ್ಥನೆ ಮಾಡೋಣ ಅಂದಾಗ ನೀನು ಅವರ ಮುಖಕ್ಕೇ ಬಾಗಿಲು ಹಾಕಿದೆಯಂತೆ. ಭೇಷ್.

ಬೀನ್ಸ್ ಬೇಯುತ್ತಿದೆ. ಗಾಳಿ ನಿಂತಿದೆ, ದೋಣಿ ಇಳಿಸಬೇಕು. ಬಯ್ಯುವುದಾದರೆ ಬಯ್ಯಿ, ಆದರೆ ಊಟ ಬಿಡಬೇಡ.

ನಿನ್ನ ನಾಚಿಕೆಗೆಟ್ಟ ತಮ್ಮ,
ಡೋಯ್ಲ್

ತಾ.ಕ.: ಅಕ್ಕಾ, ಈಗ ಸಂಜೆ. ಕಾಗದ ತಲುಪುವ ಮೊದಲೇ ಷೆರಿಫ್ ಫೋನ್ ಮಾಡಿರುತ್ತಾನೆ. ಫೋನಿನಲ್ಲಿ ಹೇಳುವುದನ್ನು ಅವನಿಗೇ ಬಿಟ್ಟೆ. ಹಳೇ ಸೇತುವೆಯ ಆಚೆ, ಮುಳುಗಿದ ಮರಗಳ ನಡುವೆ ಬೆರಳಿಗೆ ಭಾರ ಬಂತು. ಕಲ್ಲಲ್ಲ, ಕೆಸರಲ್ಲ. ಮೆತ್ತಗಿತ್ತು. ಆಮೇಲೆ ಸೀಸ ಕೋಟಿನ ಜಿಪ್ಪಿನ ಹಲ್ಲುಗಳ ಮೇಲೆ ಟಿಕ್ ಟಿಕ್ ಅಂತ ಜಾರಿತು. ಎಳೆಯಲಿಲ್ಲ. ಖಾಲಿ ಕ್ಯಾನಿಗೆ ಉದ್ದ ದಾರದಲ್ಲಿ ಕಲ್ಲು ಕಟ್ಟಿ, ಗುರುತಿಗೆ ತೇಲಬಿಟ್ಟು ಬಂದು ಷೆರಿಫ್‌ಗೆ ಹೇಳಿದೆ. ಅವನ ಕಡೆಯ ಇಬ್ಬರು ಹುಡುಗರು ನೀರಿಗಿಳಿದು ಭಾವನನ್ನು ಕೈಯಲ್ಲೇ ಎತ್ತಿ ತಂದರು. ಷೆರಿಫ್ ಹೇಳದೇ ಇರುವ ಮಾತು ಒಂದಿದೆ. ನನ್ನ ಜಿಗ್ಗುಗಳ ಕೊಕ್ಕೆಯನ್ನೆಲ್ಲ ಡಿಸೆಂಬರಿನಲ್ಲೇ ಇಕ್ಕಳದಿಂದ ಕತ್ತರಿಸಿಬಿಟ್ಟಿದ್ದೆ. ನನ್ನಿಂದ ಭಾವನ ಮೈಮೇಲೆ ಒಂದು ಗೀರೂ ಬಿದ್ದಿಲ್ಲ. ಬಾ. ಅವನ ನೀಲಿ ಸೂಟು ತಾ.