ಎಡಕ್ಕೆ ಸುತ್ತಿದ ನಾಲ್ಕು ಸಾಲು

ಫೆಬ್ರವರಿ 9, ಸಂಜೆ

...ಬಳ್ಳಿ ಸುತ್ತಿದ್ದು ಗಾಳಿಯಲ್ಲ ಅಂದರೋ, ಗಾಳಿಗೇನು ಕೈ ಇದೆಯಾ ಅಂದರೋ, ಸರಿಯಾಗಿ ನೆನಪಿಲ್ಲ. ನಮ್ಮ ತೋಟದ ಕತ್ತರಿ ಮಾವ ಮಾತು ಮುಗಿಸುವುದಿಲ್ಲ. ದ್ರಾಕ್ಷಿಬಳ್ಳಿ ಸವರುತ್ತಲೇ ಮುಂದಿನ ಗೂಟಕ್ಕೆ ಹೋಗಿಬಿಡುತ್ತಾರೆ.

ಬೆಳಗ್ಗೆ ವೈನರಿಯ ಲ್ಯಾಬಿನಲ್ಲಿ ಎಂದಿನಂತೆ ಪೀಪಾಯಿಗಳ ವೈನಿನ ಹುಳಿ ಅಳೆದೆ. ಮಧ್ಯಾಹ್ನ ನನ್ನ ಪುಸ್ತಕದ ಪ್ರೂಫ್. ಕಣಿವೆಯಲ್ಲಿ ಊರು ಕಟ್ಟಿದ ಅರವತ್ತು ವರ್ಷದ ಇತಿಹಾಸ. ಮೂರನೇ ಪುಟ: ಮೊದಲ ನಾಲ್ಕು ಸಾಲು ನೆಟ್ಟವರು ನನ್ನ ತಂದೆ. ಆ ಬಳ್ಳಿಗಳು ಗೂಟಕ್ಕೆ ಎಡಕ್ಕೆ ಸುತ್ತಿಕೊಂಡಿರುವುದು ಕಣಿವೆಯ ಗಾಳಿಯಿಂದ.

ಊರೆಲ್ಲ ಹೇಳುವುದೇ ಹಾಗೆ. ಐದನೇ ಸಾಲಿನಿಂದಾಚೆ ಎಲ್ಲವೂ ಬಲಕ್ಕೆ. ಗಾಳಿ ನಾಲ್ಕೇ ಸಾಲಿಗೆ ಬೀಸಿತೇ ಎಂದು ಯಾರೂ ಕೇಳಲಿಲ್ಲ. ನಾನೂ.

ಫೆಬ್ರವರಿ 10

ಮಾವನನ್ನು ಹಿಡಿದು ಕೂರಿಸಿದೆ.

"ಎಳೆ ಬಳ್ಳೀನ ಸುತ್ತಿ ಕಟ್ಟೋದು ಕೈ ಕಣೋ. ನಿಮ್ಮಪ್ಪ ಎಡಗೈಲಿ ಬೆಂಕಿಕಡ್ಡೀನೂ ಗೀರಿದವರಲ್ಲ."

"ಮತ್ತೆ ಯಾರು?"

"ಎಡಗೈ ಅಕ್ಕ. ನಿಮ್ಮಪ್ಪನ ಮೊದಲನೇ ಹೆಂಡ್ತಿ. ನಿಮ್ಮಪ್ಪ ಮರ ಕಡಿಯೋ ಕೂಲಿಗೆ ಹೋಗ್ತಿದ್ರು, ಅಕ್ಕ ಒಬ್ಬಳೇ ನೆಟ್ಟಳು. ನಾನಾಗ ಇಷ್ಟುದ್ದ. ಮೊದಲನೇ ಹಣ್ಣು ಬಿಡೋ ಮುಂಚೆ ಜ್ವರ ಬಂದು ಹೋದಳು. ಆಮೇಲೆ ನಿಮ್ಮಮ್ಮ ಬಂದರು. ಅವರಿಗೆ ಬೇಜಾರಾಗಬಾರದು ಅಂತ ಗಾಳಿ ಅಂದ್ವಿ."

ಹೆಸರು ಕೇಳಿದೆ.

"ಎಲ್ಲರೂ ಹಾಗೇ ಕರೀತಿದ್ವಲ್ಲ." ಕತ್ತರಿ ಮಡಚಿದರು. "ಊರಿನ ಇತಿಹಾಸ ಬರೀತೀಯಂತೆ. ಮನೇದೇ ಗೊತ್ತಿಲ್ಲ."

ಐವತ್ತೆರಡು ವರ್ಷ ನನಗೆ. ಇವತ್ತು ತಿಳಿಯಿತು.

ಫೆಬ್ರವರಿ 11

ಕಚೇರಿಯಲ್ಲಿ ಜಮೀನು ಹಂಚಿದ ಹಳೆಯ ಪಟ್ಟಿ ತೆಗೆಸಿದೆ. ಅಪ್ಪನ ಹೆಸರು. ಅದರ ಮುಂದೆ: ಗಂಡಸು ಒಂದು, ಹೆಂಗಸು ಒಂದು, ಕತ್ತೆ ಒಂದು. ಕತ್ತೆಯ ಬಣ್ಣ ಬರೆದಿದ್ದಾರೆ.

ಅಮ್ಮ ಬಟ್ಟೆ ಮಡಚುತ್ತಿದ್ದಳು. ಎಡಗೈ ಅಕ್ಕನ ವಿಷಯ ಹೇಳಿದೆ.

"ಸತ್ತೋಳನ್ನ ಪುಸ್ತಕಕ್ಕೆ ತಂದು ಬದುಕಿರೋಳನ್ನ ಎರಡನೆಯೋಳು ಮಾಡ್ತೀಯಾ?"

"ಇದ್ದದ್ದನ್ನ ಬರೀಬೇಕಲ್ಲಮ್ಮ."

"ಬರಿ. ನಿನ್ನ ಪೆನ್ನು, ನಿನ್ನ ಅಮ್ಮ."

ಫೆಬ್ರವರಿ 20

ಒಂಬತ್ತು ದಿನ ಅಮ್ಮನ ಮಾತಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು, ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ಇವತ್ತು ತಾನಾಗಿ ಬಂದು ಎದುರಿಗೆ ಕೂತಳು.

"ಅವಳ ಹೆಸರು ಈ ಮನೇಲಿ ಎತ್ತಕೂಡದು ಅಂತ ಬಂದ ದಿನವೇ ಹೇಳಿದ್ದೆ. ನಿಮ್ಮಪ್ಪ ಎತ್ತಲಿಲ್ಲ. ನನಗೂ ಹೆಸರು ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ. ಅವರ ಕೊನೇ ವಾರ, ಆಸ್ಪತ್ರೆಯಿಂದ ಕರ್ಕೊಂಡು ಬಂದ್ವಲ್ಲ... ಕಿಟಕಿ ಕಡೆ ತಿರುಗಿ ಯಾರನ್ನೋ ಕರೆದರು. ನಾನು ರೇಡಿಯೋ ಜೋರು ಮಾಡಿದೆ."

"ಏನಂತ ಕರೆದರು?"

"ಜೋರು ಮಾಡಿದೆ ಅಂದ್ನಲ್ಲ."

ಅವಳ ಕೈ ಸೆರಗಿನ ಅಂಚನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು.

"ಹಾಕು," ಅಂದಳು. "ಸಾಲು ಅವಳದ್ದೇ. ನಾನು ಬಂದಾಗ ಬಳ್ಳಿ ಎದೆಮಟ್ಟ ಇತ್ತು. ಅದರ ಹಣ್ಣು ತಿಂದೇ ನಿನ್ನ ಹೆತ್ತೆ. ಹೆಸರು ಸಿಕ್ಕರೆ ಹಾಕು."

ಫೆಬ್ರವರಿ 27, ಬೆಳಗ್ಗೆ ಹತ್ತು

ಸಿಗಲಿಲ್ಲ. ಮೊದಲ ವರ್ಷ ಬಂದವರ ಮಕ್ಕಳನ್ನೆಲ್ಲ ಕೇಳಿ ಆಯಿತು. ಅವಳ ತವರು ಯಾವುದೆಂದೂ ಯಾರಿಗೂ ಗೊತ್ತಿಲ್ಲ. ಒಬ್ಬರಿಗೆ ಮಾತ್ರ ನಗು ನೆನಪಿದೆಯಂತೆ. ನಗುವನ್ನು ಅಚ್ಚು ಹಾಕುವುದು ಹೇಗೆ.

ಪ್ರೆಸ್ಸಿನಿಂದ ಫೋನು. "ಸಾರ್, ಮಧ್ಯಾಹ್ನ ಮಷಿನ್ನಿಗೆ ಹೋಗುತ್ತೆ. ಮೂರನೇ ಪುಟದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೀರಿ. ಚುಕ್ಕಿ ಇಡ್ಲಾ?"

ಅರ್ಧ ಗಂಟೆ ಕೊಡಿ ಅಂದೆ. ಈಗ ಎಡಗೈ ಅಕ್ಕನಿಗೇ ಬರೆಯುತ್ತಿದ್ದೇನೆ.

ನೀವು ಬದುಕಿದ್ದರೆ ನಾನು ಹುಟ್ಟುತ್ತಿರಲಿಲ್ಲ. ಕೇಳುವ ಹಕ್ಕೂ ಇಲ್ಲವೇನೋ. ಆದರೂ... ಆ ಖಾಲಿ ಜಾಗದಲ್ಲಿ ದೊಡ್ಡಮ್ಮ ಅಂತ ಕರೆದರೆ ಓ ಅನ್ನುತ್ತೀರಾ, ಇಲ್ಲಾ—