ಒಂದೇ ರಾತ್ರಿ ನೆನೆದ ಗೆಣಸು

ಜೂನ್ ೧೪, ಸೋಮವಾರ

ಬೆಳಿಗ್ಗೆಯೇ ಹೊಳೆಗುಂಡಿಯಿಂದ ಮರಗೆಣಸು ಎತ್ತಿದೆ. ಮೂರು ರಾತ್ರಿ ನೆನೆದಿತ್ತು. ಒತ್ತಿದರೆ ಬೆರಳು ಇಳಿಯುತ್ತದೆ, ಸಿಪ್ಪೆ ತಾನಾಗಿ ಜಾರುತ್ತದೆ. ಕೈಗೆಲ್ಲ ಹುಳಿ ನಾತ. ಚಪ್ಪರದ ಮೇಲೆ ಒಣಹಾಕಿದ್ದೇನೆ, ಗುರುವಾರದ ಲಾರಿಗೆ. ಪಂಗು ಅದೇ ಲಾರಿಯಲ್ಲಿ ಮೂಟೆಗಳ ಮೇಲೆ ಕೂತು ಕಿನ್ಶಾಸಾಕ್ಕೆ ಹೋಗುತ್ತಾನೆ. ಗಂಡನೂ ಗೆಣಸೂ ಒಟ್ಟಿಗೆ ರವಾನೆ.

ದಾರಿಯಲ್ಲಿ ಸಿಕ್ಕಿದ್ದು — ಎಣ್ಣೆ ಡಬ್ಬದ ಒಂದು ಮಗ್ಗುಲು, ತುಕ್ಕಿಲ್ಲ. ಹರಿದ ರಬ್ಬರ್ ಚಪ್ಪಲಿ ಒಂದು.

ಮತೋಂಡೊ ನಕ್ಕಳು. “ಅವ್ವಾ, ಊರಲ್ಲಿ ಯಾರಾದ್ರೂ ಏನಾದ್ರೂ ಕಳಕೊಂಡ್ರೆ ಮೊದ್ಲು ನಮ್ಮನೇಗೇ ಬರ್ಬೇಕು.”

ನಗಲಿ. ಅವಳ ಚೀಲ ನಾನು ಹಿಟ್ಟಿನ ಗೋಣಿಯಿಂದ ಹೊಲಿದದ್ದು. ಒಂಬತ್ತು ವರ್ಷದವಳು. ಸೆಪ್ಟೆಂಬರಿಗೆ ಗುಡ್ಡದಾಚೆಯ ದೊಡ್ಡ ಶಾಲೆ. ಒಂದು ಗಂಟೆಯ ನಡಿಗೆ. ಮೊದಲ ದಿನ ಓಡಿಕೊಂಡೇ ಹೋಗುತ್ತಾಳಂತೆ.

ಜೂನ್ ೧೯, ಶನಿವಾರ

ಲಾರಿಗೆ ಎಲ್ಲ ಹೋಯಿತು. ಮನೆಗೆ ಬುಟ್ಟಿಯ ತಳ ಮಾತ್ರ. ಇನ್ನು ಮೂರು ರಾತ್ರಿ ಯಾರು ಕಾಯುವುದು? ಡಬ್ಬದ ತಗಡಿಗೆ ಮೊಳೆಯಿಂದ ತೂತು ಹೊಡೆದೆ, ಹಲಗೆಗೆ ಬಡಿದೆ. ತುರಿಮಣೆ! ಹಸಿ ಗೆಣಸು ತುರಿದು, ಒಂದೇ ರಾತ್ರಿ ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿದೆ. ಇವತ್ತು ಕುಟ್ಟಿ ಮುದ್ದೆ ಮಾಡಿದೆ. ಬೆಳ್ಳಗೆ, ಗಂಟಿಲ್ಲ.

ಅತ್ತೆ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಊರಿಗೆಲ್ಲ ಕೊಕೊ ಅವರು. ಕೊಕೊ ಅಂದರೆ ಅಜ್ಜಿ.

“ಮೂರು ರಾತ್ರಿ, ಹೆಣ್ಣೇ. ನನ್ನತ್ತೆ ಎಣಿಸ್ತಿದ್ದಳು. ನಾನೂ ಎಣಿಸ್ದೆ.”

“ಮುಟ್ಟಿ ನೋಡಿ ಕೊಕೊ, ಹಿಂಡುವಾಗ ಬೆಣ್ಣೆ ಹಾಗಿತ್ತು.”

“ತುರಿದ್ರೆ ಕಲ್ಲೂ ಮೆತ್ತಗಾಗುತ್ತೆ.”

ಮುದುಕರಿಗೆ ಹೊಸತು ಯಾವುದೂ ಸೇರದು.

ಜುಲೈ ೧, ಗುರುವಾರ

ಪಕ್ಕದ ಮನೆಯ ಲುಕೇನಿ ಅವ್ವ ಬಂದು ತುರಿಮಣೆ ನೋಡಿದಳು. “ನಿನ್ನ ತಲೇನ ಒಂದು ದಿನ ಸಾಲ ಕೊಡೇ, ಮತೋಂಡೊ ಅವ್ವ!” ಅವಳಿಗೂ ಒಂದು ಮಾಡಿಕೊಟ್ಟೆ. ಈಗ ಐದು ಮನೆಯಲ್ಲಿ ನನ್ನ ತುರಿಮಣೆ. ಸಂಜೆ ಐದು ಅಂಗಳದಿಂದ ಕರ್ ಕರ್ ಸದ್ದು. ಕೇಳಲು ಸುಖ.

ಮೂರು ರಾತ್ರಿಯದ್ದು ಲಾರಿಗೆ, ಒಂದು ರಾತ್ರಿಯದ್ದು ನಮಗೆ. ಪೇಟೆಯವರು ಚೂರು ಕಹಿ ಇದ್ದರೂ ಮೂಟೆ ವಾಪಸ್ ಕಳಿಸುತ್ತಾರೆ. ನಮಗೇನು — ಗೆಣಸಿನ ಸೊಪ್ಪಿಗೆ ಇನ್ನೆರಡು ಮೆಣಸು ಹೆಚ್ಚು ಹಾಕಿದರಾಯಿತು.

ಜುಲೈ ೧೧, ಭಾನುವಾರ

ಹೊಳೆ ತಗ್ಗಿದೆ. ಮೀನಿಲ್ಲ. ತಿನ್ನುವ ಕಂಬಳಿಹುಳದ ಕಾಲವೂ ಮುಗಿಯಿತು. ಅಲಸಂದೆ ಬೀಜಕ್ಕೆಂದು ಇಟ್ಟದ್ದಷ್ಟೇ. ಬೆಳಿಗ್ಗೆ ಮುದ್ದೆ ಸೊಪ್ಪು, ಸಂಜೆ ಮುದ್ದೆ ಸೊಪ್ಪು.

ಉಂಡ ಮೇಲೆ ಎಲ್ಲರಿಗೂ ತಲೆಸುತ್ತು. ಮತೋಂಡೊ ಚರ್ಚಿನಲ್ಲಿ ಗೋಡೆ ಹಿಡಿದು ನಿಂತಳು. “ಹೆಂಡ ಕುಡಿದ್ಯೇನೇ?” ಅಂದಳು ಅವಳ ಗೆಳತಿ, ಪಕ್ಕದ ಮನೆಯ ಹುಡುಗಿ ಲುಕೇನಿ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಿಸಿಲಿಗಿರಬೇಕು.

ಜುಲೈ ೨೮, ಬುಧವಾರ

ಬರೆಯಲು ಆಗುತ್ತಿಲ್ಲ.

ನಿನ್ನೆ ಹತ್ತಿರದ ಒರತೆ ಒಣಗಿತೆಂದು ಹುಡುಗಿಯರು ದೂರದ ಒರತೆಗೆ ಹೋಗಿ ನೀರು ತಂದರು. ಇವತ್ತು ಬೆಳಿಗ್ಗೆ ಮತೋಂಡೊ ಚಾಪೆಯಿಂದ ಏಳಲು ಹೋದಳು. ಮೊಣಕಾಲು ಗಡಗಡ ನಡುಗಿತು. ಬಿದ್ದಳು. ಆಟ ಅಂದುಕೊಂಡು ಬೈದೆ. ಮತ್ತೆ ಎದ್ದಳು, ಮತ್ತೆ ಬಿದ್ದಳು. ಹೆಬ್ಬೆರಳು ನೆಲಕ್ಕೆ ಚುಚ್ಚಿ ನಿಂತಿದೆ, ಹಿಮ್ಮಡಿ ಊರುವುದೇ ಇಲ್ಲ.

“ಅವ್ವಾ, ಯಾರೋ ನನ್ ಕಾಲು ಕಟ್ಟಿದಾರೆ. ಬಿಚ್ಚು.”

ಜುಲೈ ೩೦, ಶುಕ್ರವಾರ

ಸೈಕಲ್ ಹಿಂದೆ ಕಟ್ಟಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ನರ್ಸ್ ಮುಸುಂಗು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದ. ಕಾಲು ಹೌಹಾರಿ ಜಿಗಿಯಿತು. ಅವನು ಸುತ್ತಿಗೆ ಕೆಳಗಿಟ್ಟ.

“ಇದು ಕೋಂಜೋ, ಅಮ್ಮ. ಸರಿಯಾಗಿ ನೆನೆಯದ ಗೆಣಸಿನ ವಿಷ. ಎಷ್ಟು ರಾತ್ರಿ ನೆನೆಸ್ತೀರಿ?”

“ಮೂರು,” ಅಂದೆ.

ಅವನು ಮತ್ತೆ ಕೇಳಿದ. “ಮೂರು?”

“ಮೂರು.”

“ಹೋದ ಕಾಲು ವಾಪಸ್ ಬರೋಲ್ಲ. ಕೋಲು ಹಿಡಿದು ನಡೀಬಹುದು. ಕಹಿ ಹಿಟ್ಟು ಮತ್ತೆ ತಿಂದ್ರೆ ಅದೂ ಇಲ್ಲ. ಊರಲ್ಲಿ ಬೇರೆ ಯಾರಾದ್ರೂ ಕಡಿಮೆ ನೆನೆಸ್ತಿದ್ರೆ ನಿಲ್ಲಿಸಿ.”

ಮನೆಗೆ ಬಂದು ಆ ಹಿಟ್ಟೆಲ್ಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ತುರಿಮಣೆಯನ್ನು ಮಂಚದಡಿ ತಳ್ಳಿದೆ. ಹೊಳೆಗುಂಡಿಯಲ್ಲಿ ಮತ್ತೆ ಮೂರು ರಾತ್ರಿಗೆ ಗೆಣಸು ನೆನೆಹಾಕಿದ್ದೇನೆ. ಯಾರಿಗೂ ಹೇಳಲಿಲ್ಲ.

ಆಗಸ್ಟ್ ೩, ಮಂಗಳವಾರ

ಲುಕೇನಿ ಅವ್ವನಿಗೆ ಹೇಳಿದೆ — ಆ ತುರಿಮಣೆ ಬಳಸಬೇಡ, ತೂತಿಗೆ ತುಕ್ಕು ಹಿಡಿಯುತ್ತದೆ ಅಂತ.

“ನಂದು ಇನ್ನೂ ಫಳಫಳ ಅಂತಿದೆ ಕಣೇ!”

ಅಷ್ಟಕ್ಕೇ ಬಿಟ್ಟೆ.

ಆಗಸ್ಟ್ ೯, ಸೋಮವಾರ

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಲ್ಲ ಹೆಂಗಸರೂ ಇದ್ದರು. ನನ್ನನ್ನು ಕಂಡು ಮಾತು ನಿಂತಿತು. ಆಮೇಲೆ ಲುಕೇನಿ ಅವ್ವ ಹತ್ತಿರ ಬಂದಳು.

“ನಿಮ್ಮತ್ತೆ ಆ ಹಿಟ್ಟಿಗೆ ದಿನಾ ಶಾಪ ಹಾಕ್ತಿರ್ಲಿಲ್ವಾ? ಮುದುಕಿ ಬಾಯಿಂದ್ಲೇ ಮಗು ಕಾಲು ಕಟ್ಟಿದ್ದು. ಮೊದ್ಲು ಮನೆಯಿಂದ ದಬ್ಬು.”

ಕೈಯಲ್ಲಿದ್ದ ಬಟ್ಟೆ ಹಿಂಡುತ್ತಲೇ ಇದ್ದೆ. ನೀರು ನಿಂತ ಮೇಲೂ ಹಿಂಡುತ್ತಿದ್ದೆ.

ಆಗಸ್ಟ್ ೨೦, ಶುಕ್ರವಾರ

ಊರ ಹಿರಿಯರು ಹೇಳಿ ಕಳಿಸಿದ್ದಾರೆ. ಮುಂದಿನ ಭಾನುವಾರ, ೨೯ರಂದು, ಮಾವಿನ ಮರದಡಿ ಕೊಕೊ ಬಂದು ಶಾಪದ ಮಾತಿಗೆ ಉತ್ತರ ಹೇಳಬೇಕು. ಹೋದ ವರ್ಷ ಹಾಗೆ ಕರೆಸಿಕೊಂಡ ಮುದುಕನ ಗುಡಿಸಲು ಸುಟ್ಟರು. ಅವನು ಎಲ್ಲಿಗೆ ಹೋದನೋ ಗೊತ್ತಿಲ್ಲ.

ಕೊಕೊ ಅಲಸಂದೆ ಬಿಡಿಸುತ್ತಿದ್ದರು. ಬೀಜದ ಅಲಸಂದೆ. ಮತೋಂಡೊಗೆ ಬೇಯಿಸಲು.

“ಕೊಕೊ, ನಾನು ಹೇಳಿಬಿಡ್ತೀನಿ.”

“ಏನು ಹೇಳ್ತಿ?”

“ಒಂದೇ ರಾತ್ರಿ ಅಂತ.”

ಅವರು ತಲೆ ಎತ್ತಲಿಲ್ಲ. “ಮೊದಲ ತುತ್ತಿಗೇ ನಂಗೆ ಗೊತ್ತಾಯ್ತು. ನಾನ್ಯಾಕೆ ತಟ್ಟೆ ಎಳೆದು ಎಸೀಲಿಲ್ಲ? ಸೊಸೆ ಜೊತೆ ಜಗಳ ಯಾಕೆ ಅಂತ ಸುಮ್ಮನಾದೆ. ಬಿಡು. ನಂಗೆ ಇನ್ನೆಷ್ಟು ದಿನ? ನೀನು ಆ ಮಗೂನ ಹೊತ್ಕೊಂಡು ಈ ಊರಲ್ಲೇ ಇರ್ಬೇಕು.”

ನನಗೆ ಸಮಾಧಾನವಾಯಿತು. ಅದನ್ನು ಬರೆದೇ ಇಡುತ್ತೇನೆ — ಆ ಗಳಿಗೆ ನನಗೆ ಸಮಾಧಾನವಾಯಿತು.

ಆಗಸ್ಟ್ ೨೫, ಬುಧವಾರ

ಎರಡು ಕೋಲು ಮಾಡಿದೆ. ಕಂಕುಳಿಗೆ ಗೋಣಿ ಸುತ್ತಿ ಹೊಲಿದೆ. ತುದಿಗೆ ಆ ಹರಿದ ಚಪ್ಪಲಿ ಕತ್ತರಿಸಿ ಬಡಿದೆ, ಜಾರಬಾರದು ಅಂತ. ಮತೋಂಡೊ ಬಾಗಿಲಿಂದ ಒಲೆಯವರೆಗೆ ಹೋದಳು. ಕಾಲು ಕತ್ತರಿ ಹಾಗೆ ಒಂದರ ಮೇಲೊಂದು ಬೀಳುತ್ತದೆ. ಬೆವತು ಕೂತಳು.

“ಅವ್ವಾ, ಇದ್ರಲ್ಲಿ ಗುಡ್ಡ ಹತ್ತೋಕೆ ಎಷ್ಟು ಗಂಟೆ?”

ಆಮೇಲೆ ಕೇಳಿದಳು: “ಕೊಕೊ ನಂಗೆ ಅಲಸಂದೆ ಕೊಡ್ತಾರೆ. ಕಾಲು ಕಟ್ಟಿದವರು ಅಲಸಂದೆ ಯಾಕೆ ಕೊಡ್ತಾರೆ?”

ಕೋಲಿನ ಗೋಣಿಗೆ ಇನ್ನೊಂದು ಹೊಲಿಗೆ ಹಾಕಿದೆ.

ಆಗಸ್ಟ್ ೨೮, ಶನಿವಾರ, ಬೆಳಿಗ್ಗೆ

ನಿರ್ಧಾರ ಮಾಡಿದ್ದೇನೆ. ನಾಳೆ ಮಾವಿನ ಮರದಡಿ ಕೊಕೊಗಿಂತ ಮೊದಲು ನಾನೇ ಏಳುತ್ತೇನೆ. ತುರಿಮಣೆ ಮಂಚದಡಿಯಿಂದ ತೆಗೆದು ಮತೋಂಡೊಳ ಚೀಲದಲ್ಲಿ ಇಟ್ಟಾಯಿತು. ಎಲ್ಲರ ಮುಂದೆ ಇಟ್ಟು ಹೇಳುತ್ತೇನೆ — ಇದು ನಾನು ಮಾಡಿದ್ದು, ಮೂರು ರಾತ್ರಿ ಅಂದದ್ದು ಸುಳ್ಳು, ನಿಮ್ಮ ಮನೆಗಳಲ್ಲಿರುವುದನ್ನೂ ಇವತ್ತೇ ಮುರಿದು ಹಾಕಿ. ಏನು ಮಾಡುತ್ತಾರೋ ಮಾಡಲಿ. ಒಂದು ದಿನ ತಾನೇ. ನಾಳೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ಒಂದೇ ಸಲ ಹೇಳಿ

ಪಕ್ಕದಂಗಳದಲ್ಲಿ ಏನೋ ಗಲಾಟೆ. ಲುಕೇನಿ ಅವ್ವ ಬೈಯುತ್ತಿದ್ದಾಳೆ — “ಏಳೇ, ಆಟ ಸಾಕು, ಬಿಸಿಲೇರ್ತು, ಏಳು.”

ಏನೋ ಬಿದ್ದ ಸದ್ದು. ಮತ್ತೆ ಅವಳೇ. ಈಗ ಬೈಯುತ್ತಿಲ್ಲ.

“ಲುಕೇನಿ. ಏಳಮ್ಮ. ಲುಕೇನಿ—”

ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ನಾನು