ಏನೂ ತಯಾರಿಸದವರ ಪರವಾಗಿ ಒಂದು ಪಿಸುಮಾತು

ಸಂಶೋಧನಾ ಅನುದಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

"ಏನೂ ತಯಾರಿಸದ ವಸ್ತುವಿನ ಮೇಲೆ ಅಧ್ಯಯನವೇಕೆ?" ಎಂದು ಒಂದು ಸಾಲಿನ ಷರಾ ಬರೆದು ನಮ್ಮ ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗಾಲಯಕ್ಕೆ ತಾವು ಬೀಗ ಹಾಕಿಸುತ್ತಿದ್ದೀರಿ. ಶುಕ್ರವಾರ ಅಲ್ಲಿನ ಫ್ರೀಜರ್ ಆರಿಸುತ್ತಾರಂತೆ. ಅದರೊಳಗೆ ನನ್ನ ಅಕ್ಕನ ರಕ್ತದ ಟ್ಯೂಬ್ ಇದೆ, ಇನ್ನೂ ಪರೀಕ್ಷೆಯಾಗಿಲ್ಲ. ನನ್ನ ತಕರಾರು ಇಷ್ಟೇ.

ಆ ವಸ್ತುವೆಂದರೆ ಪ್ರೋಟೀನ್ ತಯಾರಿಸದ ಆರ್‌ಎನ್‌ಎ. ತಮ್ಮಷ್ಟು ಓದಿದವನಲ್ಲ ನಾನು. ಲ್ಯಾಬಿನ ಡಾಕ್ಟರಮ್ಮ ಹೇಳಿದ್ದನ್ನೇ ಒಪ್ಪಿಸುತ್ತಿದ್ದೇನೆ. ಉಳಿದ ಆರ್‌ಎನ್‌ಎಗಳು ಪ್ರೋಟೀನಿನ ಸೂಚನೆ ಹೊತ್ತು ತಂದರೆ, ಇವುಗಳಲ್ಲಿ ಹಲವು ಯಾವ ಜೀನ್ ಬಾಯಿಬಿಡಬೇಕು, ಯಾವುದು ತೆಪ್ಪಗಿರಬೇಕು ಎಂದು ನೋಡಿಕೊಳ್ಳುತ್ತವೆ. ಕ್ಯಾನ್ಸರಿನಲ್ಲಿ ಇವುಗಳ ಪ್ರಮಾಣ ಏರುಪೇರಾಗುತ್ತದೆ, ಸುಳಿವು ರಕ್ತದಲ್ಲೂ ಸಿಗಬಹುದು. ದಾರಿ ತಪ್ಪಿದವುಗಳನ್ನು ಅಡಗಿಸುವ ಔಷಧಿಗಳೂ ಪ್ರಯೋಗದಲ್ಲಿವೆಯಂತೆ. ಏನೂ ಮಾಡದವರ ತಲೆಗೆ ಇಷ್ಟೆಲ್ಲ ಕೆಲಸ ಕಟ್ಟಿದವರು ಯಾರು ಸ್ವಾಮಿ?

ನನಗಿದು ಬೇಗ ಅರ್ಥವಾಯಿತು, ಏಕೆಂದರೆ ನಾನು ನಾಟಕ ತಂಡದ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತವರಿಗೆ ಎತ್ತಿಕೊಡುತ್ತೇನೆ, ಅವಸರದವರನ್ನು ಕೈಸನ್ನೆಯಲ್ಲಿ ತಡೆಯುತ್ತೇನೆ. ಚಪ್ಪಾಳೆ ಬಂದದ್ದಿಲ್ಲ, ಬೈಗುಳಕ್ಕೇನೂ ಬರವಿಲ್ಲ. ಹೆಚ್ಚು ಎತ್ತಿಕೊಟ್ಟದ್ದು ಅಕ್ಕನಿಗೇ. ನಮ್ಮ ತಂಡದಲ್ಲಿ ಅವಳ ಪಾತ್ರ ರಾಣಿಯದು, ಮರೆವು ಮೂರನೆಯ ಅಂಕಕ್ಕೆ ಸರಿಯಾಗಿ.

ಕಳೆದ ವರ್ಷ ಅಕ್ಕನ ಗಡ್ಡೆ ತೆಗೆದರು. ಗೆದ್ದೆವೆಂದು ಬೀಗುತ್ತಿದ್ದೆವು. ಅಧ್ಯಯನಕ್ಕೆ ಕೊಟ್ಟ ರಕ್ತದಲ್ಲಿ ಆ ಆರ್‌ಎನ್‌ಎ ಏರಿದ್ದು ಕಂಡು ಡಾಕ್ಟರಮ್ಮ ಅವಧಿಗೆ ಮುಂಚೆಯೇ ಸ್ಕ್ಯಾನ್ ಮಾಡಿಸಿದರು. ಕಡಲೆಕಾಳಿನಷ್ಟು ಗಂಟು ಮತ್ತೆ ಬಂದಿತ್ತು; ಅದನ್ನೂ ತೆಗೆದರು. ಆಮೇಲೆ ಕೊಟ್ಟ ರಕ್ತವೇ ಈಗ ಫ್ರೀಜರಿನಲ್ಲಿರುವುದು. ಒಬ್ಬರಲ್ಲಿ ಫಲಿಸಿದ ಮಾತ್ರಕ್ಕೆ ಪರೀಕ್ಷೆ ಪಕ್ಕಾ ಎನ್ನಲಾಗದು, ಅದಕ್ಕೇ ಈ ಅಧ್ಯಯನ ಎಂದೂ ಅವರೇ ಹೇಳಿದರು. ಸುಳ್ಳು ಭರವಸೆ ಕೊಡಲು ಬಾರದವರಿಗೆ ಅನುದಾನ ಸಿಗುವುದು ಕಷ್ಟ, ನೋಡಿ.

ತಮ್ಮ ಷರಾ ಕೇಳಿ ಅಕ್ಕ ನಕ್ಕುಬಿಟ್ಟಳು. "ನಿನ್ನ ಥರಾನೇ ಕಣೋ ಅದು. ಕಾಣಿಸ್ಕೊಳ್ಳಲ್ಲ ಅಂತ ಕೆಲಸದಿಂದ ತೆಗೀತಿದಾರೆ."

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು, "ಮತ್ತೆ ಬಂದ್ರೆ ನಂಗೆ ಯಾರು ಹೇಳ್ತಾರೆ ಕಣೋ?"

ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಎತ್ತಿಕೊಡಲು ನನ್ನ ಬಳಿ ಮಾತಿರಲಿಲ್ಲ. ನನಗೆ ಭಯವಾಗಿದೆ, ಮಾನ್ಯರೇ.

ಆದ್ದರಿಂದ ಆದೇಶ ಹಿಂಪಡೆಯಿರಿ. ಅದು ತಮ್ಮ ಘನತೆಗೆ ಕುಂದಾದರೆ, ಫ್ರೀಜರ್ ಆರಿಸುವ ಮೊದಲು ಒಳಗಿರುವ ಟ್ಯೂಬುಗಳನ್ನಾದರೂ ಪರೀಕ್ಷಿಸಲು ಬಿಡಿ. ಏನು ಬರೆಯಬೇಕೆಂದು ತೋಚದಿದ್ದರೆ ಹೇಳಿ ಕಳುಹಿಸಿ, ತಮ್ಮ ಕುರ್ಚಿಯ ಹಿಂದೆ ನಿಂತು ಎತ್ತಿಕೊಡುತ್ತೇನೆ: "ಪರೀಕ್ಷೆ ಮುಂದುವರಿಯಲಿ."

ಇಂತಿ,
ಈವರೆಗೆ ಏನನ್ನೂ ತಯಾರಿಸದ,
ರಾಣಿಯ ತಮ್ಮ